ಶಾಲೆಯ ವೆಚ್ಚ, ಮಗುವಿನ ವೆಚ್ಚ

ದಾನಗಳಲ್ಲಿ ಅನ್ನದಾನ ದೊಡ್ಡದೋ ವಿದ್ಯಾದಾನ ದೊಡ್ಡದೋ ಎಂಬ ಚರ್ಚೆ ನಮ್ಮಲ್ಲಿ ಬಹಳ ಹಳೆಯದು. ಹರಿಕಥೆಯ ದಾಸರು ಈ ಪ್ರಶ್ನೆಯನ್ನೆತ್ತಿ ಎರಡು ಪಕ್ಷಕ್ಕೂ ನ್ಯಾಯ ಒದಗಿಸಿ, ಕೇಳುವವರನ್ನು ನಗಿಸಿ ಮುಂದೆ ಸಾಗುತ್ತಿದ್ದರು. ಆದರೆ ಬಡವರ ಮನೆಯ ಹಳ್ಳಿಯ ಮಗುವೊಂದನ್ನು ಎದುರಿಗೆ ನಿಲ್ಲಿಸಿಕೊಂಡು ಯೋಚಿಸಿದರೆ ಈ ಚರ್ಚೆಗೆ ಅರ್ಥವೇ ಉಳಿಯುವುದಿಲ್ಲ. ಆ ಮಗುವಿಗೆ ಅನ್ನ ಸಿಕ್ಕಿದರೆ ಮಾತ್ರ ವಿದ್ಯೆ. ಅನ್ನವಿಲ್ಲದ ಕಡೆ ವಿದ್ಯೆ ಬಾಗಿಲವರೆಗೆ ಬಂದು ಹಿಂತಿರುಗುತ್ತದೆ. ಹಳ್ಳಿಯ ಬಡ ಮಕ್ಕಳ ಓದಿಗೆ ನಮ್ಮ ನಾಡಿನಲ್ಲಿ ಹಣ ಎಲ್ಲಿಂದ ಬಂತು, ಯಾರು ಕೊಟ್ಟರು, ಕೊಟ್ಟದ್ದು ಯಾವುದಕ್ಕೆ ಎಂಬುದನ್ನು ಇಂದು ನಾನು ಇಲ್ಲಿ ಸ್ವಲ್ಪ ವಿಚಾರ ಮಾಡಬೇಕೆಂದಿದ್ದೇನೆ.

ಮೊದಲಿಗೇ ಒಂದು ಭೇದವನ್ನು ಹೇಳಿಬಿಡುತ್ತೇನೆ. ಶಾಲೆಯ ವೆಚ್ಚ ಬೇರೆ, ಮಗುವಿನ ವೆಚ್ಚ ಬೇರೆ. ಕಟ್ಟಡ, ಉಪಾಧ್ಯಾಯರ ಸಂಬಳ, ಕಪ್ಪು ಹಲಗೆ, ಸೀಮೆಸುಣ್ಣ – ಇವು ಶಾಲೆಯ ವೆಚ್ಚ. ಮಗುವಿನ ಮಧ್ಯಾಹ್ನದ ಊಟ, ಮೈಮೇಲಿನ ಬಟ್ಟೆ, ಪರಸ್ಥಳಕ್ಕೆ ಓದಲು ಹೋದರೆ ಮಲಗಲು ಒಂದು ಜಾಗ, ಇವೆಲ್ಲಕ್ಕಿಂತ ಹೆಚ್ಚಾಗಿ ಆ ಮಗು ಮನೆಯಲ್ಲಿದ್ದಿದ್ದರೆ ಮಾಡುತ್ತಿದ್ದ ದುಡಿಮೆ – ಇವು ಮಗುವಿನ ವೆಚ್ಚ. ಮೊದಲನೆಯದು ಸರಕಾರದ ಆಯವ್ಯಯದಲ್ಲಿ ಕಾಣಿಸುತ್ತದೆ. ಎರಡನೆಯದು ಬಹುಕಾಲ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣಿಸಲಿಲ್ಲ. ಅದನ್ನು ಬಡ ತಾಯ್ತಂದೆಗಳು ಮೌನವಾಗಿ ಹೊತ್ತರು. ಹೊರಲಾರದವರು ಮಗುವನ್ನು ಶಾಲೆ ಬಿಡಿಸಿದರು.

ಈ ಎರಡನೆಯ ವೆಚ್ಚವನ್ನು ಕಂಡವರು ಹಿಂದೆಯೂ ಇದ್ದರು. ಮದರಾಸು ಪ್ರಾಂತದ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಪ್ರಾಂತದ ಶಾಲೆಗಳ ಲೆಕ್ಕ ತೆಗೆಯುವಂತೆ ಎಲ್ಲ ಕಲೆಕ್ಟರುಗಳಿಗೆ ಆಜ್ಞೆ ಮಾಡಿದ. ಅದಕ್ಕುತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳುಹಿಸಿದ ವರದಿ ಇಂದಿಗೂ ಓದತಕ್ಕದ್ದು. ಅಂದಿನ ಬಳ್ಳಾರಿ ಜಿಲ್ಲೆ ಇಂದಿನದಕ್ಕಿಂತ ಬಹಳ ದೊಡ್ಡದು. ಜನಸಂಖ್ಯೆ ಒಂಬತ್ತು ಲಕ್ಷವನ್ನು ಮೀರಿತ್ತು. ಅಲ್ಲಿ ಇದ್ದ ಶಾಲೆಗಳು 533. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು, ಇಂಗ್ಲಿಷಿನದು ಒಂದೇ ಒಂದು. ಕಲಿಯುತ್ತಿದ್ದವರು ಒಟ್ಟು 6,641 ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60.

ಸಂಖ್ಯೆಗಳಿಗಿಂತ ಮುಖ್ಯವಾದುದು ಕ್ಯಾಂಪ್‌ಬೆಲ್ ಕಂಡ ಕಾರಣ. ಶಾಲೆಗಳು ಹಿಂದಿಗಿಂತ ಕಡಿಮೆಯಾಗಿವೆ, ಇದಕ್ಕೆ ನಾಡು ಬಡವಾದುದೇ ಕಾರಣ ಎಂದು ಅವನು ಮುಚ್ಚುಮರೆಯಿಲ್ಲದೆ ಬರೆದ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿಯ ನೇಕಾರರ ಜೀವನ ಕೆಟ್ಟಿದೆ. ನಡುವಣ ಮತ್ತು ಕೆಳಗಿನ ವರ್ಗದ ಜನ ಮಕ್ಕಳ ಓದಿನ ಖರ್ಚನ್ನು ತಾಳಲಾರರು. ಎಳೆಯ ಕೈಕಾಲುಗಳಿಗೆ ಅಷ್ಟಿಷ್ಟು ಶಕ್ತಿ ಬಂದೊಡನೆ ಮಕ್ಕಳನ್ನು ದುಡಿಮೆಗೆ ಹಚ್ಚುವುದು ಅವರಿಗೆ ಅನಿವಾರ್ಯವಾಗಿದೆ ಎಂಬುದು ಅವನ ಮಾತಿನ ತಾತ್ಪರ್ಯ. ಈ 533 ಶಾಲೆಗಳಲ್ಲಿ ಒಂದಕ್ಕೂ ಸರಕಾರದಿಂದ ನೆರವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆ ಎಂದೂ ಅವನು ಸೇರಿಸಿದ. ಕಂಪನಿಯ ಅಧಿಕಾರಿಯೊಬ್ಬ ಕಂಪನಿಗೇ ಬರೆದ ಮಾತಿದು ಎಂಬುದನ್ನು ನೆನೆದರೆ ಆ ನಾಚಿಕೆಗೆ ಹೆಚ್ಚಿನ ಬೆಲೆ ಬರುತ್ತದೆ. ಶಾಲೆಯ ಬಾಗಿಲು ತೆರೆದಿದ್ದರೂ ಮಗು ಒಳಗೆ ಬಾರದಿರುವುದಕ್ಕೆ ತಂದೆಯ ಅಜ್ಞಾನವಲ್ಲ, ಅವನ ಬಡತನ ಕಾರಣವೆಂದು ನಮ್ಮ ನೆಲದಲ್ಲಿ ನಿಂತು ಒಬ್ಬ ಸರಕಾರಿ ನೌಕರ ಬರೆದು ಇನ್ನೂರು ವರ್ಷ ಕಳೆದಿವೆ.

ಆದರೆ ಆಮೇಲೆ ಬಂದ ಸುಧಾರಕರು ಬಹುಮಟ್ಟಿಗೆ ಮೊದಲನೆಯ ವೆಚ್ಚವನ್ನೇ ಗಮನಿಸಿದರು. ಮೈಸೂರು ಸಂಸ್ಥಾನದಲ್ಲಿ, ಮುಂದೆ ಶಾಸನಗಳ ಸಂಶೋಧನೆಯಿಂದ ನಮಗೆಲ್ಲ ಪೂಜ್ಯರಾದ ಬಿ. ಎಲ್. ರೈಸ್ ಅವರು ಶಿಕ್ಷಣ ಇಲಾಖೆಯಲ್ಲಿದ್ದಾಗ, 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆ ರೂಪುಗೊಂಡಿತು. ಅದು ಹಳ್ಳಿಯತ್ತ ಇಟ್ಟ ದೊಡ್ಡ ಹೆಜ್ಜೆ. 1911ರ ಮಾರ್ಚಿನಲ್ಲಿ ಗೋಪಾಲಕೃಷ್ಣ ಗೋಖಲೆಯವರು ಕೇಂದ್ರ ಶಾಸನಸಭೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಸರಕಾರದ್ದು, ಒಂದು ಪಾಲು ಸ್ಥಳೀಯ ಸಂಸ್ಥೆಗಳದ್ದು ಎಂದು ಅವರ ಸೂಚನೆ. ತಿಂಗಳಿಗೆ ಹತ್ತು ರೂಪಾಯಿಗೆ ಕಡಿಮೆ ವರಮಾನವಿರುವ ತಂದೆಯಿಂದ ಶುಲ್ಕ ಕೇಳಕೂಡದೆಂಬ ದಯೆಯೂ ಅದರಲ್ಲಿತ್ತು. ಮರುವರ್ಷ 38 ಮತಗಳ ಎದುರು 13 ಮತ ಪಡೆದು ಆ ಮಸೂದೆ ಬಿದ್ದುಹೋಯಿತು. ಬ್ರಿಟಿಷ್ ಹಿಂದೂಸ್ಥಾನ ಒಲ್ಲೆನೆಂದುದನ್ನು ಮೈಸೂರು ತನ್ನ ಮಟ್ಟಿಗೆ ಕೈಗೆತ್ತಿಕೊಂಡಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು ಬಂದು, ಆಯ್ದ ಊರುಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ದಾರಿಯಾಯಿತು. ಇವೆಲ್ಲವೂ ದೊಡ್ಡ ಕೆಲಸಗಳು. ಇವುಗಳ ಮಹತ್ವವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೂ ಶುಲ್ಕವನ್ನು ಬಿಟ್ಟರೆ ಸಾಕು, ಮಗು ಬರುತ್ತದೆ. ಬಾರದಿದ್ದರೆ ಕಾನೂನು ತರುತ್ತದೆ ಎಂಬ ನಂಬಿಕೆ ಇವುಗಳ ತಳದಲ್ಲಿತ್ತು. ಅನುಭವ ಹೇಳಿದ್ದು ಬೇರೆ.

ನಾನು ಕೆಲವು ಕಾಲ ಹಳ್ಳಿಯಲ್ಲಿ ಪಾಠ ಹೇಳಿದವನು. ಶಾಲೆಯ ಹಾಜರಿ ಪುಸ್ತಕವನ್ನು ಬಲ್ಲವರು ಅದನ್ನು ಪಂಚಾಂಗದಂತೆ ಓದಬಹುದು. ಮಳೆ ಬಿದ್ದು ಕಳೆ ಕೀಳುವ ಕೆಲಸ ಹತ್ತಿದಾಗ ಒಂದಷ್ಟು ಹೆಸರುಗಳ ಮುಂದೆ ಸಾಲಾಗಿ ಗೈರುಹಾಜರಿ ಬೀಳುತ್ತದೆ. ಕಡಲೆಕಾಯಿ ಕೀಳುವಾಗ ಮತ್ತಷ್ಟು. ಸುಗ್ಗಿಯಲ್ಲಿ ಅರ್ಧ ತರಗತಿ ಕಣದಲ್ಲಿರುತ್ತದೆ. ತಾಯಿ ಕೂಲಿಗೆ ಹೋಗುವ ಮನೆಯ ಹಿರಿಯ ಮಗಳು ವರ್ಷವಿಡೀ ಬಿಟ್ಟು ಬಿಟ್ಟು ಬರುತ್ತಾಳೆ. ತೊಟ್ಟಿಲ ಕೂಸನ್ನು ನೋಡಿಕೊಳ್ಳುವವಳು ಅವಳೇ. ಒಂದು ದಿನ ಒಂದು ಹೆಸರಿನ ಮುಂದೆ ಗೀಟು ಬಿದ್ದು, ಆ ಹುಡುಗ ಯಾರದೋ ಮನೆಯಲ್ಲಿ ದನ ಕಾಯಲು ನಿಂತನೆಂದು ತಿಳಿಯುತ್ತದೆ. ತಂದೆ ಮಾಡಿದ ಸಾಲಕ್ಕೆ ಮಗ ಜೀತಕ್ಕಿದ್ದ ಕಾಲವೊಂದಿತ್ತು. ಅಂಥ ತಂದೆಗೆ ‘ಶಾಲೆ ಪುಕ್ಕಟೆ’ ಎಂದು ಹೇಳಿದರೆ ಏನು ಫಲ? ಶಾಲೆ ಪುಕ್ಕಟೆಯೇ, ಮಗ ಪುಕ್ಕಟೆಯಲ್ಲ.

ಹಾಗಾದರೆ ಈ ಎರಡನೆಯ ವೆಚ್ಚವನ್ನು ಹೊತ್ತವರು ಯಾರು? ಮೊದಲು ಹೊತ್ತದ್ದು ಸರಕಾರವಲ್ಲ, ಸಮಾಜ. ಅದರ ಒಂದು ಹಳೆಯ ರೂಪ ವಾರಾನ್ನ. ಹಳ್ಳಿಯಿಂದ ಪಟ್ಟಣಕ್ಕೆ ಓದಲು ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಎಂದು ಉಂಡು ಓದುತ್ತಿದ್ದ. ಕೊಡುವವರಿಗೆ ಇದರಿಂದ ಹೆಚ್ಚಿನ ಹೊರೆಯಿಲ್ಲ. ವಾರಕ್ಕೆ ಒಂದೆಲೆ ಹೆಚ್ಚು. ಆದರೆ ಆ ಏಳು ಎಲೆಗಳು ಕೂಡಿದರೆ ಒಬ್ಬ ಹುಡುಗನ ವಿದ್ಯೆ. ಇದಕ್ಕಿಂತ ಸರಳವಾದ ವಿದ್ಯಾರ್ಥಿವೇತನವನ್ನು ಯಾವ ಸಮಿತಿಯೂ ಕಲ್ಪಿಸಿಲ್ಲವೆಂದೇ ನನ್ನ ಭಾವನೆ. ಅದರ ಕಷ್ಟಗಳೂ ಕಡಿಮೆಯಲ್ಲ. ಒಂದು ಮನೆಯವರು ಊರಿಗೆ ಹೋದರೆ ಅಂದು ಉಪವಾಸ. ಸೂತಕವಾದರೆ ಹತ್ತು ದಿನ ಆ ಬಾಗಿಲು ಮುಚ್ಚಿತು. ಬಡಿಸುವ ಕೈಯ ಮನಸ್ಸನ್ನು ಮುಖದಲ್ಲೇ ಓದಿಕೊಳ್ಳುವ ವಿದ್ಯೆಯೂ ಹುಡುಗನಿಗೆ ಬೇಕು. ಎಸ್. ಎಲ್. ಭೈರಪ್ಪನವರ ಆತ್ಮವೃತ್ತಾಂತ ‘ಭಿತ್ತಿ’ಯನ್ನು ಓದಿದವರಿಗೆ ಈ ಬದುಕಿನ ರುಚಿಯನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ವಾರಾನ್ನಕ್ಕೆ ಇನ್ನೂ ದೊಡ್ಡದೊಂದು ಮಿತಿಯಿತ್ತು. ಅದು ಜಾತಿಯ ಪಂಕ್ತಿಯೊಳಗಿನ ವ್ಯವಸ್ಥೆ. ಪಟ್ಟಣದಲ್ಲಿ ತನ್ನವರ ಮನೆಗಳಿದ್ದ ಹುಡುಗನಿಗೆ ಮಾತ್ರ ಅದು ಒದಗುತ್ತಿತ್ತು. ಒಕ್ಕಲು ಮಕ್ಕಳಿಗೆ, ಕುರುಬರ, ಬೇಡರ, ಅಗಸರ ಮಕ್ಕಳಿಗೆ ಪಟ್ಟಣದಲ್ಲಿ ಅಂಥ ಏಳು ಮನೆಗಳು ಎಲ್ಲಿದ್ದವು? ಅಸ್ಪೃಶ್ಯರೆಂದು ಊರಾಚೆ ಇರಿಸಿದ್ದವರ ಮಗುವಿಗೆ ಒಂದು ಮನೆಯಾದರೂ ಎಲ್ಲಿತ್ತು? ಹೆಣ್ಣುಮಗಳ ಮಾತಂತೂ ಏಳಲೇ ಇಲ್ಲ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ನಮ್ಮ ನಾಡಿನಲ್ಲಿ ಒಂದರ ಹಿಂದೆ ಒಂದರಂತೆ ಎದ್ದ ಉಚಿತ ವಿದ್ಯಾರ್ಥಿನಿಲಯಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ವಾರಾನ್ನದ ಏಳು ಮನೆಗಳಿಲ್ಲದ ಮಕ್ಕಳಿಗೆ ಸಮಾಜಗಳು ಕಟ್ಟಿಕೊಟ್ಟ ಎಂಟನೆಯ ಮನೆಯೇ ಹಾಸ್ಟೆಲು.

ಈ ಮಾತನ್ನು ರಾಜನೀತಿಯಾಗಿ ಕಂಡವರಲ್ಲಿ ಕೊಲ್ಲಾಪುರದ ಶಾಹು ಮಹಾರಾಜರು ಮುಖ್ಯರು. 1917ರಲ್ಲಿ ಅವರು ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಮಾಡಿದರೆಂಬುದು ಪ್ರಸಿದ್ಧ. ಆದರೆ ಅದಕ್ಕೆ ಹದಿನಾರು ವರ್ಷ ಮೊದಲೇ, 1901ರಿಂದ, ಅವರು ಒಂದೊಂದು ಸಮುದಾಯದ ಮಕ್ಕಳಿಗೂ ವಸತಿಗೃಹಗಳನ್ನು ತೆರೆಸುತ್ತ ಬಂದಿದ್ದರು. ಮೊದಲು ಊಟ, ಆಮೇಲೆ ಕಾನೂನು. ಆ ಕ್ರಮದಲ್ಲಿ ಒಂದು ತಿಳಿವಳಿಕೆಯಿದೆ. ಅದೇ ಕೊಲ್ಲಾಪುರದಲ್ಲಿ ಓದಿದ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿ, ಸಾತಾರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ವಸತಿಗೃಹ ನಡೆಸಿದರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಹರಸಿದರು. ಹಣ ಸಾಲದಾದಾಗ ಭಾವೂರಾಯರ ಹೆಂಡತಿ ಲಕ್ಷ್ಮೀಬಾಯಿಯವರು ತಮ್ಮ ಒಡವೆಗಳನ್ನು ಒಂದೊಂದಾಗಿ ಮಾರಿ, ಕೊನೆಗೆ ಕೊರಳ ಮಂಗಳಸೂತ್ರವನ್ನೂ ಕೊಟ್ಟು ಮಕ್ಕಳಿಗೆ ಧಾನ್ಯ ತರಿಸಿದರು. 1930ರಲ್ಲಿ ಅವರು ತೀರಿಕೊಂಡರು. ಶಿಕ್ಷಣದ ಇತಿಹಾಸವನ್ನು ಬರೆಯುವವರು ಕಾನೂನುಗಳ ತಾರೀಖುಗಳನ್ನು ಬರೆಯುತ್ತಾರೆ. ಈ ಮಂಗಳಸೂತ್ರಕ್ಕೂ ಆ ಪುಟದಲ್ಲಿ ಒಂದು ಸಾಲು ಸಲ್ಲಬೇಕು.

ಕರಾವಳಿಯಲ್ಲಿ ಇನ್ನೂ ಮೊದಲೇ ಒಬ್ಬರು ಈ ಲೆಕ್ಕವನ್ನು ಸರಿಯಾಗಿ ಮಾಡಿದ್ದರು. ಮಂಗಳೂರಿನ ವಕೀಲರಾಗಿದ್ದ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಅದಕ್ಕೊಂದು ಸಂಸ್ಥೆಯನ್ನೇ ಸ್ಥಾಪಿಸಿದರು. ಜಾತಿಯವರ ಬಹಿಷ್ಕಾರವನ್ನು ನುಂಗಿಕೊಂಡು ನಡೆಸಿದ ಶಾಲೆಯದು. ಬಂದ ಮಕ್ಕಳಿಗೆ ಅಲ್ಲಿ ಊಟವಿತ್ತೆಂದೂ, ದಿನಕ್ಕಿಷ್ಟು ಕಾಸು ಎಂದು ಕೈಗೆ ಕೊಡುತ್ತಿದ್ದರೆಂದೂ ಅವರನ್ನು ಬಲ್ಲ ನಾಡು ನೆನೆಯುತ್ತದೆ. ಅದು ಆಮಿಷವಲ್ಲ. ಮಗು ತರಬೇಕಾಗಿದ್ದ ಕೂಲಿಯ ಒಂದು ಭಾಗವನ್ನು ಮನೆಗೆ ತುಂಬಿಕೊಡುವ ನ್ಯಾಯ. ತನ್ನ ಶಾಲೆಯಲ್ಲಿ ಕಲಿತ ಹುಡುಗನೊಬ್ಬ ದೊಡ್ಡ ಹುದ್ದೆಗೇರಿ ಊರಿನ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ದೂಳು ತನ್ನ ತಲೆಗೆ ತಾಗಬೇಕು, ಆಗ ತನ್ನ ಜನ್ಮ ಸಾರ್ಥಕ ಎಂದು ರಂಗರಾಯರು ಹಾರೈಸಿದರು. 1928ರಲ್ಲಿ ಅವರು ತೀರಿಕೊಂಡರು. ಆ ಹಾರೈಕೆ ಇಂದಿಗೂ ಅವರ ಸಮಾಧಿಯಲ್ಲಿದೆ.

ಒಳನಾಡಿನಲ್ಲಿ ಈ ಹೊರೆಗೆ ಹೆಗಲು ಕೊಟ್ಟವು ಮಠಗಳು ಮತ್ತು ಜನಾಂಗದ ಸಂಘಗಳು. ತುಮಕೂರಿನ ಬಳಿಯ ಸಿದ್ಧಗಂಗೆಯ ಹೆಸರನ್ನು ಹೇಳಿದರೆ ಸಾಕು, ನಮ್ಮವರಿಗೆ ಉಳಿದುದೆಲ್ಲ ತಿಳಿಯುತ್ತದೆ. 1941ರಲ್ಲಿ ಮಠದ ಹೊಣೆ ಹೊತ್ತು, 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಜಾತಿಮತಗಳ ಭೇದವಿಲ್ಲದೆ ಸಾವಿರಾರು ಹಳ್ಳಿಯ ಮಕ್ಕಳು ಉಂಡು ಓದಿದರು. ನಾನು ಇಲ್ಲಿ ಗಮನಕ್ಕೆ ತರಬೇಕೆಂದಿರುವುದು ಆ ಅನ್ನದ ಮೂಲವನ್ನು. ಸ್ವಾಮಿಗಳು ಹಳ್ಳಿ ಹಳ್ಳಿಗೆ ಹೋದರು. ಸುಗ್ಗಿ ಮುಗಿದ ಮೇಲೆ ರೈತರು ರಾಗಿ, ಭತ್ತ, ಕಾಳುಗಳನ್ನು ಮಠಕ್ಕೆ ಕಳುಹಿಸಿದರು. ಒಂದು ಮೂಟೆ ಕೊಟ್ಟವನಿದ್ದ, ಒಂದು ಸೇರು ಕೊಟ್ಟವಳೂ ಇದ್ದಳು. ಅವರಲ್ಲಿ ಬಹುಮಂದಿ ತಾವೇ ಬಡವರು. ಅವರ ಮಕ್ಕಳೋ ನೆರೆಯವರ ಮಕ್ಕಳೋ ಅದೇ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಇಲ್ಲಿ ದಾನಿ ಬೇರೆ, ಪಡೆಯುವವನು ಬೇರೆ ಎಂಬ ಗೆರೆ ಅಳಿಸಿಹೋಗುತ್ತದೆ. ಬಡವರ ವಿದ್ಯೆಗೆ ಶ್ರೀಮಂತರೇ ಹಣ ಕೊಟ್ಟರೆಂದು ತಿಳಿಯುವುದು ತಪ್ಪು. ಬಹುಪಾಲು ಕೊಟ್ಟದ್ದು ಬಡ ಹಳ್ಳಿಗಳೇ. ಮಠವು ಆ ಕಾಳುಗಳನ್ನು ಒಂದು ಕಣಜದಲ್ಲಿ ಕೂಡಿಸಿತು.

ಇಷ್ಟಾದರೂ ಸಮಾಜದ ಕೈ ಎಲ್ಲ ಮಕ್ಕಳನ್ನೂ ಮುಟ್ಟಲಾರದು. ಮಠವಿದ್ದ ಕಡೆ ಮಗು ಓದಿತು, ಇಲ್ಲದ ಕಡೆ ದನ ಕಾಯಿತು. ಎಲ್ಲರನ್ನೂ ಮುಟ್ಟುವ ಶಕ್ತಿ ಇರುವುದು ಸರಕಾರಕ್ಕೆ ಮಾತ್ರ. ನಮ್ಮ ಸಂವಿಧಾನವು 1950ರಲ್ಲಿ, ಹತ್ತು ವರ್ಷಗಳೊಳಗೆ ಹದಿನಾಲ್ಕು ವಯಸ್ಸಿನವರೆಗಿನ ಎಲ್ಲ ಮಕ್ಕಳಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣ ಕೊಡಿಸಲು ಯತ್ನಿಸಬೇಕೆಂದು ಹೇಳಿತು. ಆ ಹತ್ತು ವರ್ಷಗಳು ಕಳೆದು, ಮತ್ತೆ ಐವತ್ತು ಕಳೆದ ಮೇಲೆ, 2010ರ ಏಪ್ರಿಲಿನಲ್ಲಿ ಶಿಕ್ಷಣದ ಹಕ್ಕಿನ ಕಾನೂನು ಜಾರಿಗೆ ಬಂದಿತು. ಈ ನಡುವೆ ಮಗುವಿನ ವೆಚ್ಚವನ್ನು ಸರಕಾರ ಮೆಲ್ಲಮೆಲ್ಲನೆ ಗುರುತಿಸುತ್ತ ಬಂದ ಕಥೆಯೇ ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ನೆರೆಯ ತಮಿಳುನಾಡಿನಲ್ಲಿ ಕಾಮರಾಜರು ಮುಖ್ಯಮಂತ್ರಿಗಳಾಗಿದ್ದಾಗ, 1956ರಲ್ಲಿ, ಶಾಲೆಯಲ್ಲಿ ಮಧ್ಯಾಹ್ನದ ಊಟ ಆರಂಭವಾಯಿತು. ದನ ಕಾಯುತ್ತಿದ್ದ ಹುಡುಗನನ್ನು ‘ಶಾಲೆಗೇಕೆ ಹೋಗಲಿಲ್ಲ’ ಎಂದು ಅವರು ಕೇಳಿದಾಗ, ಹೋದರೆ ಊಟ ಯಾರು ಹಾಕುತ್ತಾರೆಂದು ಅವನು ತಿರುಗಿ ಕೇಳಿದನೆಂಬ ಕಥೆ ಆ ಕಡೆ ಮನೆಮಾತು. ನಮ್ಮಲ್ಲಿಯೂ ಅರವತ್ತು ಎಪ್ಪತ್ತರ ದಶಕಗಳಲ್ಲಿ ಅಮೆರಿಕದ ಕೇರ್ ಸಂಸ್ಥೆಯ ನೆರವಿನಿಂದ ಬಂದ ಗೋಧಿಯ ಉಪ್ಪಿಟ್ಟನ್ನೂ ಹಾಲಿನ ಪುಡಿಯನ್ನೂ ಉಂಡು ಬೆಳೆದ ಒಂದು ತಲೆಮಾರು ಇದೆ. ಆ ಉಪ್ಪಿಟ್ಟಿನ ವಾಸನೆಗೆ ಕಿಟಕಿಯತ್ತ ತಿರುಗಿದ ಮಕ್ಕಳ ಮುಖಗಳು ಅನೇಕ ಉಪಾಧ್ಯಾಯರಿಗೆ ನೆನಪಿರಬೇಕು. 2001ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟ ಕೊಡಬೇಕು, ವರ್ಷದಲ್ಲಿ ಕನಿಷ್ಠ 200 ದಿನ ಕೊಡಬೇಕು ಎಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ 2002ರ ಜೂನ್ ತಿಂಗಳಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಮೊದಲು ಆರಂಭವಾದ ಈ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರು. ಶರಣರ ಮಾತೊಂದು ಸರಕಾರದ ಕಡತಕ್ಕೆ ಬಂದು ಕುಳಿತದ್ದು ಔಚಿತ್ಯವೇ ಸರಿ. ಆ ಏಳರಲ್ಲಿ ಬಳ್ಳಾರಿಯೂ ಒಂದು. ಮಗು ಶಾಲೆಗೆ ಬಾರದಿರುವುದು ಬಡತನದಿಂದ ಎಂದು ಕ್ಯಾಂಪ್‌ಬೆಲ್ ಬರೆದ ಜಿಲ್ಲೆಯಲ್ಲಿ, ಶಾಲೆಯ ಅಡುಗೆಮನೆಯ ಒಲೆ ಹೊತ್ತಲು 179 ವರ್ಷ ಬೇಕಾದವು.

ಹೀಗೆ ಊಟ ಹಾಕಿ, ಕಾಸು ಕೊಟ್ಟು ಓದಿಸಿದರೆ ಜನ ಭಿಕ್ಷೆಗೆ ಒಗ್ಗುತ್ತಾರೆ ಎಂಬ ಆಕ್ಷೇಪ ಆಗಾಗ್ಗೆ ಕೇಳಿಬರುತ್ತದೆ. ಇದಕ್ಕೆ ಉತ್ತರವನ್ನು ನಮ್ಮ ಸಾಹಿತ್ಯದಲ್ಲೇ ಹುಡುಕಬಹುದು. ಕವಿ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬರುವ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ವಿದ್ಯಾರ್ಥಿನಿಲಯವನ್ನು ನೆನೆಯಿರಿ. ಅಲ್ಲಿಯ ಊಟ ಮೃಷ್ಟಾನ್ನವಲ್ಲ. ಆದರೆ ಅಲ್ಲಿ ಮಲಗಲು ನೆಲವಿತ್ತು, ಮಾತಾಡಲು ಗೆಳೆಯರಿದ್ದರು, ಓದಲು ಸಮಯವಿತ್ತು. ಆ ಮೂರೂ ಸೇರಿ ಒಬ್ಬ ಕವಿಯನ್ನು ಕನ್ನಡಕ್ಕೆ ಕೊಟ್ಟವು. ಎಪ್ಪತ್ತರ ದಶಕದಿಂದೀಚೆಗೆ ಕನ್ನಡದಲ್ಲಿ ಹೊಸ ದನಿ ತಂದ ಎಷ್ಟೋ ಬರಹಗಾರರ ಬಾಲ್ಯ ಇಂಥ ಒಂದು ಹಾಸ್ಟೆಲಿನ ತಟ್ಟೆಯ ಮುಂದೆ ಕಳೆದಿದೆ. ಭಿಕ್ಷೆ ಉಂಡವರು ತಲೆ ತಗ್ಗಿಸುತ್ತಾರೆ. ಇವರು ತಲೆಯೆತ್ತಿ ಪ್ರಶ್ನೆ ಕೇಳಿದರು. ಹಕ್ಕಿನ ಅನ್ನಕ್ಕೂ ಹಂಗಿನ ಅನ್ನಕ್ಕೂ ಇರುವ ವ್ಯತ್ಯಾಸವೇ ಅದು.

ಹೊರಗಿನ ದೇಶಗಳೂ ಇದೇ ದಾರಿಗೆ ಬಂದಿವೆ. ಬಾಂಗ್ಲಾದೇಶವು 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿವೇತನ ಕೊಡಲಾರಂಭಿಸಿತು. ಮೆಕ್ಸಿಕೋ 1997ರಲ್ಲಿ, ಮಗು ತಪ್ಪದೆ ಶಾಲೆಗೆ ಹೋದರೆ ತಾಯಿಯ ಕೈಗೆ ಹಣ ಕೊಡುವ ಏರ್ಪಾಡನ್ನು ಬಡ ಹಳ್ಳಿಗಳಲ್ಲಿ ತಂದಿತು. ದೊಡ್ಡ ತರಗತಿಗೆ ಹೋದಂತೆಲ್ಲ ಮೊತ್ತವೂ ಹೆಚ್ಚು, ಏಕೆಂದರೆ ದೊಡ್ಡ ಮಗುವಿನ ಕೂಲಿಯೂ ಹೆಚ್ಚು. ಅರ್ಥಶಾಸ್ತ್ರಜ್ಞರು ಇದನ್ನು ಬಹಳ ಕೊಂಡಾಡಿದರು. ರಂಗರಾಯರ ಮಂಗಳೂರನ್ನು ಬಲ್ಲ ನಮಗೆ ಇದರ ತತ್ತ್ವ ಹೊಸದಲ್ಲ.

ಕೆಲಸ ಮುಗಿಯಿತೆಂದು ನಾನು ಹೇಳುತ್ತಿಲ್ಲ. ಪ್ರಾಥಮಿಕ ಶಾಲೆಯ ಮಟ್ಟಿಗೆ ಮಗುವಿನ ವೆಚ್ಚದ ಒಂದು ಭಾಗವನ್ನು, ಮಧ್ಯಾಹ್ನದ ಒಂದು ಹೊತ್ತಿನ ಊಟವನ್ನು, ಸಮಾಜ ಮತ್ತು ಸರಕಾರ ಒಪ್ಪಿಕೊಂಡಿವೆ. ಪ್ರೌಢಶಾಲೆ ದಾಟಿ ಕಾಲೇಜಿಗೆ ಕಾಲಿಡುವ ಹೊತ್ತಿಗೆ ಹಳೆಯ ಲೆಕ್ಕ ಮತ್ತೆ ಎದುರಾಗುತ್ತದೆ. ಬಸ್ಸಿನ ದಾರಿ ದೂರ. ಹಾಸ್ಟೆಲಿನಲ್ಲಿ ಜಾಗ ಕೆಲವರಿಗೆ ಮಾತ್ರ. ಹದಿನಾರರ ಹುಡುಗನಿಗೆ ಪಟ್ಟಣದಲ್ಲಿ ಕೂಲಿ ಸಿಗುತ್ತದೆ. ಹದಿನಾರರ ಹುಡುಗಿಗೆ ಗಂಡು ಹುಡುಕುವ ಮಾತು ಏಳುತ್ತದೆ. ಕಾಲೇಜು ತೆರೆದಿದೆಯಲ್ಲ, ಶುಲ್ಕ ಬಿಟ್ಟಿದೆಯಲ್ಲ ಎಂದು ನಾವು ಆಗ ಮತ್ತೆ ಹೇಳತೊಡಗುತ್ತೇವೆ. ಹೋಬಳಿ ಶಾಲೆಯ ಕಾಲದಿಂದ ಕೇಳಿಬಂದ ಮಾತೇ ಅದು.

ಆದುದರಿಂದ ಶಿಕ್ಷಣಕ್ಕೆ ಇಷ್ಟು ಕೋಟಿ ತೆಗೆದಿರಿಸಿದ್ದೇವೆಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ ನಾವು ಕೇಳಬೇಕಾದ ಪ್ರಶ್ನೆ ಒಂದಿದೆ: ಅದರಲ್ಲಿ ಶಾಲೆಗೆ ಎಷ್ಟು, ಮಗುವಿಗೆ ಎಷ್ಟು? ಕಟ್ಟಡಕ್ಕೆ ಕೊಟ್ಟ ಹಣ ಕಣ್ಣಿಗೆ ಕಾಣುತ್ತದೆ. ಅದಕ್ಕೆ ಶಂಕುಸ್ಥಾಪನೆಯೂ ಇದೆ, ಪ್ರಾರಂಭೋತ್ಸವವೂ ಇದೆ. ಮಗುವಿಗೆ ಕೊಟ್ಟ ಅನ್ನಕ್ಕೆ ಅಂಥ ಕಲ್ಲಿನ ಫಲಕವಿಲ್ಲ. ಏಳು ಮನೆಯ ತಾಯಂದಿರೂ, ಸೇರು ರಾಗಿ ಅಳೆದು ಕೊಟ್ಟ ರೈತರೂ ತಮ್ಮ ಹೆಸರನ್ನು ಎಲ್ಲಿಯೂ ಕೆತ್ತಿಸಲಿಲ್ಲ. ಆದರೆ ಅವರಿಂದಾಗಿ ಓದಿದವರು ನಮ್ಮ ನಡುವೆ ಇದ್ದಾರೆ; ನಮ್ಮಲ್ಲಿ ಹಲವರು ಅವರೇ. ಆ ಋಣ ತೀರುವುದು ನೆನೆಯುವುದರಿಂದಲ್ಲ. ಊರಿನಿಂದ ಚೀಲ ಹೊತ್ತು ಓದಲು ಬಂದ ಮುಂದಿನ ಮಗುವಿನ ಎಲೆಗೆ ಬಡಿಸುವುದರಿಂದ.